ಎಣಿಸುವವನ ಹೆಬ್ಬೆರಳು

ವಾಚಣ್ಣ ಒದ್ದೆ ಬಟ್ಟೆಯಿಂದ ಕುರ್ಚಿ ಒರೆಸುತ್ತಿದ್ದ. ಮೊದಲು ಕೂರುವ ಜಾಗ, ಆಮೇಲೆ ಎರಡು ಕೈ, ಕೊನೆಗೆ ನಾಲ್ಕು ಕಾಲು. ಲಾರಿಗಳು ಎಬ್ಬಿಸಿದ ಧೂಳೆಲ್ಲ ಬಟ್ಟೆಗೆ ಬಂದು ಬಟ್ಟೆ ಕಪ್ಪಾಯಿತು. ಪಕ್ಕದಲ್ಲಿ ಅವನ ಅಮ್ಮ ಕೋಲು ಊರಿ ನಿಂತಿದ್ದಳು. ಒರೆಸಿದ್ದಾದ ಮೇಲೆ ಕುರ್ಚಿಯನ್ನು ತನ್ನ ವಾಚ್ ರಿಪೇರಿ ಗೂಡಂಗಡಿಯ ಪಕ್ಕ, ಫುಟ್‌ಪಾತಿನ ಅಂಚಿನಲ್ಲಿ, ರಸ್ತೆಗೆ ಮುಖ ಮಾಡಿ ಇಟ್ಟ. ಅಮ್ಮ ಕೂತಳು. ರಸ್ತೆಯ ಆಚೆ ಬದಿಯಲ್ಲಿ ಅಂಥದೇ ಇನ್ನೊಂದು ಕುರ್ಚಿಯಲ್ಲಿ ಕೂತಿದ್ದ ಅವಳ ಅಕ್ಕ, ಅಂದರೆ ವಾಚಣ್ಣನ ದೊಡ್ಡಮ್ಮ, ಕೈ ಎತ್ತಿದಳು. ಅಮ್ಮನೂ ಕೈ ಎತ್ತಿದಳು. ಅಷ್ಟರಲ್ಲಿ ನಡುವೆ ಒಂದು ಬಸ್ಸು ಬಂದು ನಿಂತು ಇಬ್ಬರ ಮಾತೂ ಅಲ್ಲಿಗೇ ತುಂಡಾಯಿತು.

ಒಂದು ತಿಂಗಳಿಂದ ಹೀಗೇ ನಡೆದಿತ್ತು. ಅದಕ್ಕೆ ಮುಂಚೆ ಅಮ್ಮ ದಿನಾ ಬೆಳಿಗ್ಗೆ ರಸ್ತೆ ದಾಟಿ ಅಕ್ಕನ ಮನೆಗೆ ಹೋಗಿ ಊಟದ ಹೊತ್ತಿಗೆ ಬರುತ್ತಿದ್ದಳು. ಒಂದು ದಿನ ಯಾವುದೋ ಸ್ಕೂಟರಿನ ಕನ್ನಡಿಗೆ ಅವಳ ಕೈಚೀಲ ಸಿಕ್ಕಿಕೊಂಡಿತು. ಅವಳಿಗೇನೂ ಆಗಲಿಲ್ಲ. ಚೀಲ ಮಾತ್ರ ಸ್ಕೂಟರಿನ ಜೊತೆ ಮುಂದಿನ ತಿರುವಿನವರೆಗೆ ಹೋಯಿತು. ಚೀಲ ವಾಪಸು ಸಿಕ್ಕಿತು, ಅದರ ಜೊತೆ ಹೋದ ಧೈರ್ಯ ಸಿಗಲಿಲ್ಲ.

ಫೋನಿತ್ತು. ಆದರೆ ದೊಡ್ಡಮ್ಮನಿಗೆ ಕಿವಿ ಮಂದ. "ಹಾಂ? ಯಾರು? ಹಾಂ?" ಅನ್ನುವುದರಲ್ಲೇ ಮಾತು ಮುಗಿಯುತ್ತಿತ್ತು. ಹಾಗಾಗಿ ಅಕ್ಕ ತಂಗಿಯರು ರಸ್ತೆಯ ಎರಡು ದಡದಲ್ಲಿ ಕೂತು ಕೈಸನ್ನೆಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಕೆನ್ನೆಗೆ ಕೈ ಇಟ್ಟರೆ ಹಲ್ಲುನೋವು. ಹೊಟ್ಟೆ ಸವರಿಕೊಂಡರೆ ಊಟವಾಯಿತು. ಎರಡೂ ಕೈ ಬೀಸತೊಡಗಿದರೆ ಸೊಸೆಯ ವಿಷಯ, ಅದು ಬಹಳ ಹೊತ್ತು ನಡೆಯುತ್ತಿತ್ತು.

ಈಗ ಅದಕ್ಕೂ ಸಂಚಕಾರ ಬಂದಿತ್ತು. ಬರುವ ವಾರ ದೊಡ್ಡಮ್ಮನ ಕಣ್ಣಿಗೆ ಆಪರೇಷನ್. ಎರಡು ಕಣ್ಣಿಗೂ ಒಂದಾದ ಮೇಲೆ ಒಂದರಂತೆ ಪಟ್ಟಿ, ಬಿಸಿಲಿಗೆ ಬರುವ ಹಾಗಿಲ್ಲ.

"ಅವಳು ಆಸ್ಪತ್ರೆಗೆ ಹೋಗೋ ಮುಂಚೆ ಒಂದು ಸಲ ಪಕ್ಕದಲ್ಲಿ ಕೂತು ಬರಬೇಕು ಕಣೋ," ಎಂದು ಅಮ್ಮ ಮೂರು ದಿನದಿಂದ ಹೇಳುತ್ತಿದ್ದಳು.

ಕೈ ಹಿಡಿದು ದಾಟಿಸಲು ವಾಚಣ್ಣ ಎರಡು ಸಲ ಹೊರಟಿದ್ದ. ಸಾಸಿವೆಗಿಂತ ಸಣ್ಣ ತಿರುಪನ್ನು ಅಲುಗದೆ ಕೂರಿಸುವ ಕೈ ಅವನದು. ರಸ್ತೆಯ ಅಂಚಿಗೆ ಬಂದರೆ ಅದೇ ಕೈ ಅಮ್ಮನ ಸೆರಗು ಹಿಡಿದುಕೊಳ್ಳುತ್ತಿತ್ತು. ಬಿಸಿನೀರಿನ ಹಂಡೆಗೆ ಕಾಲಿಟ್ಟವನ ಹಾಗೆ ಒಂದು ಕಾಲು ಕೆಳಗಿಡುವುದು, ಹಾರ್ನ್ ಕೇಳಿ ಮೇಲಕ್ಕೆತ್ತಿಕೊಳ್ಳುವುದು. ಎರಡನೇ ಸಲ ಇಪ್ಪತ್ತು ನಿಮಿಷ ಆದ ಮೇಲೆ ಅಮ್ಮನೇ ಅವನ ಕೈ ಹಿಡಿದು ಹುಷಾರಾಗಿ ಗೂಡಂಗಡಿಗೆ ವಾಪಸು ತಲುಪಿಸಿದ್ದಳು.

ಆ ಬೆಳಿಗ್ಗೆ ಒಂಬತ್ತಕ್ಕೆ ಒಬ್ಬ ಅಪರಿಚಿತ ಬಂದು ಅಮ್ಮನ ಕುರ್ಚಿಯ ಪಕ್ಕದಲ್ಲೇ ಮಡಿಸುವ ಸ್ಟೂಲು ಬಿಡಿಸಿ ಕೂತ. ಕೊರಳಲ್ಲಿ ನಗರದ ರಸ್ತೆ ಕಚೇರಿಯ ಗುರುತಿನ ಚೀಟಿ. ಬಲಗೈಯಲ್ಲಿ, ಹೆಬ್ಬೆರಳಿನಿಂದ ಒತ್ತಿದರೆ ಒಂದೊಂದೇ ಅಂಕಿ ಏರುವ ಪುಟ್ಟ ಯಂತ್ರ. ಅವನು ಅಮ್ಮನಿಗೆ ನಮಸ್ಕಾರ ಹೇಳಿ, ಕಣ್ಣನ್ನು ರಸ್ತೆಯ ಮೇಲೆ ನೆಟ್ಟ.

ವಾಚಣ್ಣ ಹತ್ತು ನಿಮಿಷ ಯೋಚಿಸಿ, ಎದ್ದು ಹೋಗಿ ಕೇಳಿದ. "ಏನ್ ಸಾರ್ ಎಣಿಸ್ತಾ ಇದೀರಿ?"

"ಹೇಳೋ ಹಾಗಿಲ್ಲ," ಎಂದ ಎಣಿಸುವವನು, ಬೇಸರವಿಲ್ಲದೆ. "ಹೇಳಿಬಿಟ್ರೆ ಜನ ಬೇರೆ ಥರ ನಡ್ಕೊಳ್ಳೋಕೆ ಶುರು ಮಾಡ್ತಾರೆ. ಆಮೇಲೆ ಲೆಕ್ಕ ಸರಿ ಬರಲ್ಲ."

"ಹೌದು ಸಾರ್, ಅದು ನಿಜ," ಎಂದು ಹೇಳಿ ವಾಚಣ್ಣ ಬಂದು ಕೂತ. ಇನ್ನೊಂದು ಪ್ರಶ್ನೆ ಕೇಳುವುದು ಅವನ ಸ್ವಭಾವದಲ್ಲಿರಲಿಲ್ಲ.

ಸುದ್ದಿ ತಂದವರು ನಿವೃತ್ತ ಮೇಷ್ಟ್ರು. ಅವರ ವಾಚು ಕೆಟ್ಟು ಎಷ್ಟೋ ವರ್ಷವಾಗಿತ್ತು, ರಿಪೇರಿ ಮಾಡಿಸುವ ಇರಾದೆ ಅವರಿಗಿರಲಿಲ್ಲ. ದಿನಾ ಬಂದು ನಿಲ್ಲಲು ಒಂದು ನೆಪ ಬೇಕಾಗಿತ್ತು. ಅವರು ಎಣಿಸುವವನನ್ನು ಕನ್ನಡಕದ ಮೇಲಿಂದ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನಿನಗೆ ಗೊತ್ತಾಗಲಿಲ್ವೇನಯ್ಯಾ? ಈ ರಸ್ತೆಗೆ ಒಂದೇ ಒಂದು ಕಡೆ ದಾಟೋಕೆ ಬಿಳಿ ಪಟ್ಟೆ ಬಳಿದು, ಸಿಗ್ನಲ್ ಕಂಬ ನೆಟ್ಟು, ಸೈಕಲ್ಲಿನವರಿಗೂ ಬೇರೆ ದಾರಿ ಬಿಡ್ತಾರೆ. ಬಣ್ಣ ಬಂದು ಕೂತಿದೆ, ನಾಡಿದ್ದೇ ಬಳಿಯೋದು. ಜಾಗ ಒಂದು ತೀರ್ಮಾನ ಆಗಬೇಕು. ಇಲ್ಲೋ, ಇಲ್ಲಾ ಕೆಳಗಡೆ ಪೆಟ್ರೋಲ್ ಬಂಕಿನ ಮುಂದೋ. ಅಲ್ಲೂ ಒಬ್ಬ ಕೂತಿದಾನೆ, ನೋಡ್ಕೊಂಡೇ ಬಂದೆ."

"ಅಂದ್ರೆ ಇವ್ರು ಎಣಿಸ್ತಾ ಇರೋದು..."

"ದಾಟೋ ಜನಾನ. ಇನ್ನೇನು, ಕಾಗೆ ಎಣಿಸ್ತಾರಾ?"

ವಾಚಣ್ಣ ಅಮ್ಮನ ಕಡೆ ನೋಡಿದ. ನಾಡಿದ್ದು ಪಟ್ಟೆ ಬಿದ್ದರೆ ದೊಡ್ಡಮ್ಮ ಆಸ್ಪತ್ರೆಗೆ ಹೋಗುವ ಮುಂಚೆ ನಾಲ್ಕು ದಿನ ಸಿಗುತ್ತದೆ. ಅವನು ಎಣಿಸುವವನ ಹೆಬ್ಬೆರಳನ್ನೇ ಗಮನಿಸತೊಡಗಿದ. ಸಣ್ಣದನ್ನು ಬಹಳ ಹೊತ್ತು ನೋಡುವುದೇ ಅವನ ಕಸುಬು. ಒಬ್ಬ ಹೆಂಗಸು ಹತ್ತು ನಿಮಿಷ ಅಂಚಿನಲ್ಲಿ ಕಾದು ನಿಂತಳು, ಹೆಬ್ಬೆರಳು ಅಲುಗಲಿಲ್ಲ. ಬೇಸತ್ತು ಅವಳು ಕೈ ಅಡ್ಡ ಹಿಡಿದು ನುಗ್ಗಿದಳು, ಒಂದು ಕಾರು ನಿಂತಿತು, ಅವಳು ದಾಟಿದಳು. ಟಿಕ್.

"ಕಾಯೋರನ್ನ ಎಣಿಸಲ್ಲ ಮೇಷ್ಟ್ರೇ," ಎಂದ ವಾಚಣ್ಣ. "ದಾಟಿದೋರನ್ನ ಮಾತ್ರ."

"ನಾನು ಹೇಳಲಿಲ್ವಾ?" ಎಂದು ಮೇಷ್ಟ್ರು ಇಸ್ತ್ರಿ ಅಂಗಡಿಯ ಕಡೆ ನಡೆದರು.

ಇಸ್ತ್ರಿ ಅಕ್ಕನಿಗೆ ಒಂದು ವಿಷಯ ತಿಳಿದರೆ ಬೀದಿಗೆಲ್ಲ ತಿಳಿದ ಹಾಗೆ. ಹತ್ತೂವರೆಗೆ ಅವಳ ಅಂಗಡಿಯ ಹಿಂದೆ ಸಭೆ ಸೇರಿತು. ಪಕ್ಕದ ಸೈಕಲ್ ಅಂಗಡಿಯವನೂ ಬಂದ. ಅವನ ಕಷ್ಟವೇ ಬೇರೆ. ಈ ರಸ್ತೆಯಲ್ಲಿ ಸೈಕಲ್ ಇಳಿಸಲು ಯಾರಿಗೂ ಎದೆಯಿರಲಿಲ್ಲ. ಹೊಸ ಸೈಕಲ್ ನೋಡಲು ಬಂದವರು ಅಂಗಡಿಯೊಳಗೇ ಎರಡು ಕಂಬಗಳ ಸುತ್ತ ಗಾಣದ ಎತ್ತಿನ ಹಾಗೆ ಸುತ್ತಿ, ತಲೆ ತಿರುಗಿ, ಕೊಳ್ಳದೆ ಹೋಗುತ್ತಿದ್ದರು.

"ದಿನಾ ಇಲ್ಲಿ ದಾಟೋರು ಎಷ್ಟು ಜನ?" ಎಂದಳು ಇಸ್ತ್ರಿ ಅಕ್ಕ.

"ಪ್ರಾಣದ ಮೇಲೆ ಆಸೆ ಇಲ್ಲದೋರು ಹತ್ತು ಹದಿನೈದು ಇರಬಹುದು," ಎಂದ ಸೈಕಲ್ ಅಂಗಡಿಯವನು.

"ಸಾಲಲ್ಲ. ನಾವೇ ದಾಟಬೇಕು. ಸಾಯಂಕಾಲ ಐದರವರೆಗೆ, ಹೋಗೋದು ಬರೋದು, ಹೋಗೋದು ಬರೋದು."

"ಮುಖ ಗುರ್ತು ಹಿಡೀತಾರೆ ಅಕ್ಕಾ," ಎಂದ ವಾಚಣ್ಣ.

"ನಿನ್ನ ಮುಖ ಯಾರು ನೆನಪಿಟ್ಕೋತಾರೆ? ಹತ್ತು ವರ್ಷದಿಂದ ಕಣ್ಣೆದುರಿಗೇ ಕೂತಿದೀಯ, ನನಗೇ ಒಂದೊಂದು ಸಲ ನೀನೋ ನಿನ್ನ ಗೋಡೆ ಗಡಿಯಾರವೋ ಗೊತ್ತಾಗಲ್ಲ." ಅವಳು ಬೀರುವಿನ ಬಾಗಿಲು ತೆಗೆದಳು. ಒಳಗೆ ಗಿರಾಕಿಗಳ ಬಟ್ಟೆ, ಗರಿಗರಿಯಾಗಿ, ಸಾಲಾಗಿ. "ಒಂದೊಂದು ಸಲಕ್ಕೆ ಒಂದೊಂದು ಅಂಗಿ. ಯಾವನು ಗುರ್ತು ಹಿಡೀತಾನೆ ನೋಡೇಬಿಡೋಣ. ಸುಕ್ಕಾದ್ರೆ ಮತ್ತೆ ತೀಡ್ತೀನಿ. ಮೊದಲು ನೀನು ಹೋಗು."

"ನಾನಾ?"

"ಅಮ್ಮ ಯಾರ ಅಮ್ಮ?"

ವಾಚಣ್ಣ ತೋಳು ಚಾಚಿ ನಿಂತ. ಅವನಿಗೆ ನೀಲಿ ಗೆರೆಯ ಅಂಗಿ ತೊಡಿಸಿದರು. ಯಾರೋ ದೊಡ್ಡ ಶರೀರದವರ ಅಂಗಿ, ವಾಚಣ್ಣನಂಥವರು ಇಬ್ಬರು ಬಾಡಿಗೆಗೆ ಇರಬಹುದಾಗಿತ್ತು. ಅಂಚಿನಲ್ಲಿ ನಿಂತು ಅವನು ಒಂದು ಕಾಲು ಕೆಳಗಿಟ್ಟ, ಎತ್ತಿಕೊಂಡ, ಮತ್ತೆ ಇಟ್ಟ. ಹಿಂದಿನಿಂದ ಇಸ್ತ್ರಿ ಅಕ್ಕನ ಅಂಗೈ ಬೆನ್ನಿಗೆ ತಾಗಿತು. ಅದು ದಿನಾ ಕಾದ ಇಸ್ತ್ರಿ ಪೆಟ್ಟಿಗೆ ಹಿಡಿಯುವ ಕೈ. ವಾಚಣ್ಣ ನೇರ ಗಾಡಿಗಳ ಎರಡನೇ ಸಾಲಿಗೆ ಹೋಗಿ ನಿಂತ. ಒಂದು ಟ್ಯಾಕ್ಸಿ ಕಿರ್ರೆಂದು ನಿಂತಿತು.

"ಮನೇಲಿ ಹೇಳಿ ಬಂದಿದೀಯೇನಪ್ಪಾ?" ಎಂದ ಟ್ಯಾಕ್ಸಿಯವನು, ತಲೆ ಹೊರಹಾಕಿ.

"ಹೌದಣ್ಣ, ಅಮ್ಮ ಅಲ್ಲೇ ಕೂತಿದಾರೆ," ಎಂದು ವಾಚಣ್ಣ ಪ್ರಾಮಾಣಿಕವಾಗಿ ಹೇಳಿ ಓಡಿದ. ಆಚೆ ದಡ ಮುಟ್ಟುವಾಗ ಹಿಂದಿನಿಂದ ಟಿಕ್ ಎಂಬ ಸದ್ದು ಕೇಳಿದಂತಾಯಿತು.

ಆಮೇಲೆ ಕೆಲಸ ಶುರುವಾಯಿತು. ಬೀದಿಯ ಹನ್ನೆರಡು ಜನ ಸರದಿ ಹಾಕಿಕೊಂಡರು. ಮೇಷ್ಟ್ರು ಕಂಬದ ನೆರಳಿನಲ್ಲಿ ನಿಂತು ಹಾಜರಿ ತೆಗೆದುಕೊಂಡರು. ವಾಚಣ್ಣನಿಗೆ ಹೆಬ್ಬೆರಳು ನೋಡುವ ಕೆಲಸ, ಬಿಡುವಾದಾಗ ದಾಟುವ ಕೆಲಸ. ಹೆಬ್ಬೆರಳು ನೋಡಿ ನೋಡಿ ಅವನು ಎರಡು ವಿಷಯ ಕಂಡುಹಿಡಿದ. ಮೊದಲನೆಯದು, ಐದಾರು ಜನ ಒಟ್ಟಿಗೆ ದಾಟಿದರೆ ಒಂದೇ ಸಲ ಟಿಕ್ ಅನ್ನುತ್ತಿತ್ತು.

"ಒಟ್ಟಿಗೆ ಹೋದ್ರೆ ಒಂದೇ ಅಂತ ಹಿಡೀತಾರೆ," ಎಂದು ಅವನು ಬಂದು ಹೇಳಿದ.

"ಒಬ್ಬೊಬ್ಬರೇ ಹೋಗಿ," ಎಂದು ಇಸ್ತ್ರಿ ಅಕ್ಕನ ಅಪ್ಪಣೆಯಾಯಿತು.

ಎರಡನೆಯದು, ಗಾಡಿಗಳಿಲ್ಲದ ಹೊತ್ತು ನೋಡಿ ಮೇಷ್ಟ್ರು ನಿಧಾನವಾಗಿ ದಾಟಿದಾಗ ಹೆಬ್ಬೆರಳು ಅಲುಗಲೇ ಇಲ್ಲ. ಮೇಷ್ಟ್ರಿಗೆ ಅವಮಾನವಾಯಿತು. "ನಾನೇನು ಮನುಷ್ಯ ಅಲ್ವಾ?"

"ಖಾಲಿ ರಸ್ತೇಲಿ ದಾಟಿದ್ರೆ ಯಾರ ಗಮನಕ್ಕೆ ಬರುತ್ತೆ?" ಎಂದಳು ಇಸ್ತ್ರಿ ಅಕ್ಕ. "ಗಾಡಿ ಬರ್ತಾ ಇರುವಾಗಲೇ ಎದುರಿಗೆ ಹೋಗಬೇಕು. ಆಗ ಆತನ ಕಣ್ಣಿಗೆ ಬೀಳ್ತೀವಿ."

ಹಾಗೇ ಮಾಡಿದರು. ಹೆಬ್ಬೆರಳು ಬಿಡುವಿಲ್ಲದೆ ಟಿಕ್ ಟಿಕ್ ಅನ್ನತೊಡಗಿತು. ಎಲ್ಲರಿಗೂ ಹುರುಪು ಬಂತು.

ಹನ್ನೆರಡರ ಸುಮಾರಿಗೆ ದೊಡ್ಡ ಶರೀರದ ಒಬ್ಬರು ಇಸ್ತ್ರಿ ಅಂಗಡಿಗೆ ಬಂದು, "ನನ್ನ ನೀಲಿ ಗೆರೆಯ ಅಂಗಿ ಆಯ್ತಾ?" ಎಂದು ಕೇಳಿದರು.

"ಬರ್ತಾ ಇದೆ ಸಾರ್, ಕೂತ್ಕೊಳ್ಳಿ," ಎಂದಳು ಇಸ್ತ್ರಿ ಅಕ್ಕ.

ಅಂಗಿ ನಿಜವಾಗಿಯೂ ಬರುತ್ತಿತ್ತು. ರಸ್ತೆಯ ಮಧ್ಯದಲ್ಲಿ, ವಾಚಣ್ಣನ ಮೈಮೇಲೆ, ಗಾಳಿಗೆ ಹಾಯಿಯ ಹಾಗೆ ಉಬ್ಬಿಕೊಂಡು ಬರುತ್ತಿತ್ತು. ಗಿರಾಕಿ ಕಣ್ಣು ಕಿರಿದು ಮಾಡಿ ನೋಡಿದರು. ಬಲತೋಳಿನಲ್ಲಿ ತಾವೇ ಮಾಡಿದ ಶಾಯಿಯ ಕಲೆ ಕಂಡಿತು. ಅವರು ಕೂಗಲಿಲ್ಲ. ಚಪ್ಪಲಿ ಸರಿಮಾಡಿಕೊಂಡು ರಸ್ತೆಗೆ ಇಳಿದರು. ಅವರು ಎದುರಿಗೆ ಬರುವುದನ್ನು ಕಂಡ ವಾಚಣ್ಣ ತಿರುಗಿ ಆಚೆಗೆ ಓಡಿದ. ಅವರೂ ಆಚೆಗೆ ಹೋದರು. ವಾಚಣ್ಣ ಈಚೆಗೆ ಬಂದ. ಎರಡು ಬಸ್ಸು, ಒಂದು ಲಾರಿ, ಲೆಕ್ಕವಿಲ್ಲದಷ್ಟು ಸ್ಕೂಟರುಗಳು ಅವರಿಬ್ಬರಿಗೂ ದಾರಿ ಬಿಟ್ಟು ನಿಂತವು. ಟಿಕ್, ಟಿಕ್, ಟಿಕ್. ಮೇಷ್ಟ್ರು ಕಂಬದ ಹತ್ತಿರದಿಂದ, "ಇನ್ನೊಂದು ಸುತ್ತು, ಇನ್ನೊಂದು ಸುತ್ತು," ಅನ್ನುತ್ತಿದ್ದರು.

ಆರನೇ ಸುತ್ತಿಗೆ ಗಿರಾಕಿ ಏದುಸಿರು ಬಿಡುತ್ತ ಅಮ್ಮನ ಕುರ್ಚಿಯ ಹಿಡಿಯನ್ನು ಆತುಕೊಂಡು ನಿಂತರು. ಇಸ್ತ್ರಿ ಅಕ್ಕ ನೀರು ಕೊಟ್ಟು ವಿಷಯ ವಿವರಿಸಿದಳು. ಅವರು ನೀರು ಕುಡಿದು, "ನನ್ನ ಹೆಂಡತಿನೂ ಆ ಕಡೆ ಔಷಧಿ ಅಂಗಡಿಗೆ ಹೋಗೋಕೆ ಆಗದೆ ಒದ್ದಾಡ್ತಾ ಇದಾಳೆ. ಮೊದಲೇ ಹೇಳಬಾರದಿತ್ತಾ? ನಾನು ಆಫೀಸಿಂದ ಇನ್ನೂ ನಾಲ್ಕು ಜನರನ್ನ ಕರೆಸ್ತೀನಿ," ಎಂದರು. ಅಂಗಿ ವಾಪಸು ಕೇಳಲಿಲ್ಲ. ಅದು ಆಗಲೇ ಒರೆಸುವ ಬಟ್ಟೆಯಾಗಿತ್ತು.

ಊಟದ ಹೊತ್ತು ಕಳೆದ ಮೇಲೆ ಸೈಕಲ್ ಅಂಗಡಿಯವನು ತಕರಾರು ತೆಗೆದ. "ಎಲ್ಲಾ ಕಾಲ್ನಡಿಗೆಯೇ ಆಯ್ತು. ಸೈಕಲ್ ಒಂದೂ ಇಲ್ಲ. ಆಮೇಲೆ ಪಟ್ಟೆ ಬಳಿದು, ಸೈಕಲ್ ದಾರಿ ಮರೀತಾರೆ. ವಾಚಣ್ಣ, ನೀನು ಹತ್ತು."

"ನನಗೆ ಬರಲ್ಲಪ್ಪಾ."

"ಬರೋದು ಬೇಡ. ನೀನು ಕೂತಿರು. ನಾನು ಸೀಟು ಹಿಡ್ಕೊಂಡು ಓಡ್ತೀನಿ."

ವಾಚಣ್ಣ ಕೆಂಪು ಸೈಕಲ್ಲಿನ ಮೇಲೆ ಕೂತ. ಇಬ್ಬರೂ ರಸ್ತೆಗೆ ಇಳಿದರು. ನೇರ ಹೋಗಬೇಕಾದ ಸೈಕಲ್ಲು, ಬರೆಯಲು ಕಲಿಯುತ್ತಿರುವವರ ಗೆರೆಯಂತೆ, ಅತ್ತ ಇತ್ತ ಹೋಗಿ ಒಂದು ಬಸ್ಸಿನ ಮೂಗಿನ ಮುಂದೆ ಬಂದು ತಾನಾಗಿ ನಿಂತಿತು. ಬಸ್ಸೂ ನಿಂತಿತು. ಡ್ರೈವರು ಎಂಜಿನ್ ಆಫ್ ಮಾಡಿ, ಬಾಗಿಲು ತೆಗೆದು ಇಳಿದು ಬಂದು, ವಾಚಣ್ಣನನ್ನು ಮೇಲಿಂದ ಕೆಳಗೆ ನೋಡಿದ.

"ಅಣ್ಣಾ, ಕಲಿಯೋಕೆ ಬೇರೆ ಜಾಗ ಸಿಗಲಿಲ್ವಾ?"

"ಸಿಗಲಿಲ್ಲ," ಎಂದ ವಾಚಣ್ಣ.

ಡ್ರೈವರಿಗೆ ಏನನ್ನಿಸಿತೋ, ಹ್ಯಾಂಡಲು ಹಿಡಿದು ತಾನೇ ಸೈಕಲ್ಲನ್ನು ಆಚೆ ದಡಕ್ಕೆ ತಳ್ಳಿ ಬಿಟ್ಟುಬಂದ. ಹಿಂದೆ ಅರ್ಧ ಮೈಲಿ ಗಾಡಿಗಳು ನಿಂತಿದ್ದವು. ಎಣಿಸುವವನು ಸ್ಟೂಲಿನಿಂದ ಎದ್ದು ನಿಂತು, ಹೆಬ್ಬೆರಳು ಒತ್ತುತ್ತಲೇ ಇದ್ದ.

ಆ ಗದ್ದಲದಲ್ಲೇ ಒಂದು ಸಂಗತಿ ನಡೆಯಿತು. ಗಾಡಿಗಳೆಲ್ಲ ನಿಂತದ್ದನ್ನು ನೋಡಿ ಅಮ್ಮ ಕುರ್ಚಿಯಿಂದ ಎದ್ದಳು. ಸೀರೆಯ ಸೆರಗು ಸರಿಮಾಡಿಕೊಂಡಳು. ಕೋಲು ಊರುತ್ತ, ಯಾರನ್ನೂ ಕೇಳದೆ, ದೇವರ ಮನೆಗೆ ಹೋಗುವಷ್ಟು ನಿಧಾನವಾಗಿ ನಡೆದು ರಸ್ತೆ ದಾಟಿದಳು. ದೊಡ್ಡಮ್ಮ ಎದ್ದು ನಿಂತು ಎರಡು ಕೈ ಚಾಚಿದಳು. ಆಚೆ ದಡದಲ್ಲಿ ಕೆಂಪು ಸೈಕಲ್ ಹಿಡಿದು ನಿಂತಿದ್ದ ವಾಚಣ್ಣ ನೋಡುತ್ತಲೇ ಇದ್ದ. ಇಬ್ಬರು ಮುದುಕಿಯರೂ ಒಬ್ಬರ ಮುಖ ಇನ್ನೊಬ್ಬರು ಸವರಿ, ಒಂದು ತಿಂಗಳು ಸನ್ನೆಯಲ್ಲಿ ಹೇಳಿದ್ದನ್ನೆಲ್ಲ ಮೊದಲಿನಿಂದ ಬಾಯಲ್ಲಿ ಹೇಳತೊಡಗಿದರು. ಸೊಸೆಯ ವಿಷಯದಿಂದಲೇ ಶುರುವಾಯಿತು.

"ಅಮ್ಮಾ, ಸಾಯಂಕಾಲ ಬಂದು ಕರ್ಕೊಂಡು ಹೋಗ್ತೀನಿ," ಎಂದ ವಾಚಣ್ಣ. ಅವಳು ತಿರುಗಿ ನೋಡದೆ ಕೈಯಾಡಿಸಿದಳು. ಅವನು ಮತ್ತೆ ದಾಟಿ ಈಚೆಗೆ ಬಂದ. ಇವತ್ತು ಅಮ್ಮ ಹೋಗಿದ್ದು ಗಲಾಟೆಯಲ್ಲಿ, ನಾಡಿದ್ದಿನಿಂದ ಬಿಳಿ ಪಟ್ಟೆಯ ಮೇಲೆ ಮಹಾರಾಣಿಯ ಹಾಗೆ ಹೋಗಬಹುದು.

ಐದು ಗಂಟೆಗೆ ಎಣಿಸುವವನು ಯಂತ್ರವನ್ನು ಜೇಬಿಗೆ ಹಾಕಿ ಹೆಬ್ಬೆರಳನ್ನು ನೀವಿಕೊಂಡ. ಅದು ಬಾತುಹೋಗಿತ್ತು. ಎಲ್ಲರೂ ಸುತ್ತ ನಿಂತರು. ಇಸ್ತ್ರಿ ಅಕ್ಕ ಚಹಾ ತಂದುಕೊಟ್ಟಳು.

"ಈಗಲಾದ್ರೂ ಹೇಳಬಹುದಲ್ಲ ಸಾರ್," ಎಂದರು ಮೇಷ್ಟ್ರು, ಗೆದ್ದವರ ದನಿಯಲ್ಲಿ. "ಎಷ್ಟಾಯ್ತು?"

"ಈಗ ಹೇಳಬಹುದು," ಎಂದ ಅವನು. "ನಾನೂರ ಹನ್ನೆರಡು. ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಾ ಇದೀನಿ. ಬೇರೆ ಕಡೆ ಇಡೀ ದಿನ ಕೂತ್ರೂ ಹತ್ತು ಸಲ ಒತ್ತೋದು ಕಷ್ಟ. ಇಂಥ ರಸ್ತೆ ನಾನು ನೋಡೇ ಇಲ್ಲ."

"ಜನ ಜಾಸ್ತಿ ಸಾರ್ ಇಲ್ಲಿ," ಎಂದಳು ಇಸ್ತ್ರಿ ಅಕ್ಕ, ಸಂಕೋಚದಿಂದ.

"ನಾನು ಜನಾನ ಎಣಿಸಲಿಲ್ಲವಲ್ಲ ತಾಯಿ. ದಾಟೋರಿಗೆ ದಾರಿ ಬಿಟ್ಟು ನಿಂತ ಗಾಡಿಗಳನ್ನ ಎಣಿಸಿದೆ. ಗಾಡಿಯೋರು ತಾವಾಗೇ ಯಾವ ಕಡೆ ನಿಲ್ಲಿಸಲ್ವೋ ಅಲ್ಲಿ ಪಟ್ಟೆ, ಸಿಗ್ನಲ್ ಹಾಕ್ತೀವಿ. ಲೆಕ್ಕ ನೂರು ಮೀರಿದ್ರೆ ಆ ಜಾಗಕ್ಕೆ ಪಟ್ಟೆ ಬೇಕಿಲ್ಲ ಅಂತ ನಿಯಮ. ಇಲ್ಲಿ ನಾನೂರ ಹನ್ನೆರಡು. ಒಬ್ಬ ಬಸ್ ಡ್ರೈವರ್ ಅಂತೂ ಇಳಿದು ಬಂದು ಸೈಕಲ್ ತಳ್ಳಿಕೊಟ್ಟ. ಅದನ್ನ ಷರಾ ಅಂತ ಬೇರೆ ಬರೆದಿದೀನಿ."

ಸೈಕಲ್ ಅಂಗಡಿಯವನು ನೆಲ ನೋಡಿದ.

"ಪೆಟ್ರೋಲ್ ಬಂಕಿನ ಮುಂದೆ?" ಎಂದು ಮೇಷ್ಟ್ರು ಕೇಳಿದರು.

"ಅಲ್ಲಿ ಸೊನ್ನೆ. ಪಟ್ಟೆ ಅಲ್ಲಿಗೇ."

"ಅಲ್ಲಿ ದಾಟೋರೇ ಇಲ್ಲವಲ್ಲ ಸಾರ್. ಈ ಕಡೆ ಬಂಕು, ಆ ಕಡೆ ಉದ್ದಕ್ಕೂ ಗೋಡೆ."

"ಅದಕ್ಕೇ ಯಾರೂ ನಿಲ್ಲಿಸಿಲ್ಲ," ಎಂದ ಎಣಿಸುವವನು, ತಾಳ್ಮೆಯಿಂದ.

ಇಸ್ತ್ರಿ ಅಕ್ಕ ಇದ್ದದ್ದನ್ನೆಲ್ಲ ಹೇಳಿಬಿಟ್ಟಳು, ಅಂಗಿಯ ವಿಷಯವನ್ನೂ ಸೇರಿಸಿ. ನಾವು ಬೇಕಂತಲೇ ಮಾಡಿದ್ದು, ದಯವಿಟ್ಟು ಅಳಿಸಿ ಎಂದಳು. ಅವನಿಗೂ ಕೆಡುಕೆನಿಸಿತು. ಆದರೆ ಯಂತ್ರದ ಅಂಕಿ ಗಂಟೆಗೊಮ್ಮೆ ತಾನಾಗಿ ಕಚೇರಿಗೆ ಹೋಗುತ್ತಿತ್ತಂತೆ, ಸಾಹೇಬರು ನಾಲ್ಕಕ್ಕೇ ಫೋನು ಮಾಡಿ ಸಂತೋಷಪಟ್ಟರಂತೆ. "ಬೇಜಾರು ಮಾಡ್ಕೋಬೇಡಿ. ಇಲ್ಲಿನ ಚಾಲಕರಿಗೆ ವಂದನೆ ಅಂತ ಒಂದು ದೊಡ್ಡ ಫಲಕ ಹಾಕಿಸ್ತಾರೆ," ಎಂದ. "ಈ ವಾಚ್ ಅಂಗಡಿ ಮುಂದೆ ಜಾಗ ಚೆನ್ನಾಗಿದೆ."

ಅವನು ಸ್ಟೂಲು ಮಡಿಸಿ ಹೊರಟ. ಅವನು ಮರೆಯಾದ ಕೂಡಲೇ ಎಲ್ಲರೂ ವಾಚಣ್ಣನ ಕಡೆ ತಿರುಗಿದರು.

"ಬೆಳಿಗ್ಗೆನೇ ಸರಿಯಾಗಿ ಕೇಳಬೇಕಿತ್ತು ನೀನು," ಎಂದಳು ಇಸ್ತ್ರಿ ಅಕ್ಕ.

"ಕೇಳಿದೆ ಅಕ್ಕಾ. ಹೇಳೋ ಹಾಗಿಲ್ಲ ಅಂದ್ರು."

"ದಿನವೆಲ್ಲಾ ಹೆಬ್ಬೆರಳು ನೋಡಿದ್ದು ನೀನು. ಅಷ್ಟೂ ಗೊತ್ತಾಗಲ್ವೇನಯ್ಯಾ?" ಎಂದರು ಮೇಷ್ಟ್ರು. "ನನಗೆ ಬೆಳಿಗ್ಗೆಯಿಂದಲೇ ಅನುಮಾನ ಇತ್ತು."

ಸೈಕಲ್ ಅಂಗಡಿಯವನು ಕೆಂಪು ಸೈಕಲ್ಲಿನ ಧೂಳು ಮೆತ್ತಿದ ಚಕ್ರಗಳನ್ನು ತೋರಿಸಿ ಒಳಗೆ ಹೋದ. ಒಬ್ಬೊಬ್ಬರೇ ಕರಗಿದರು. ಇಸ್ತ್ರಿ ಅಕ್ಕನ ಅಂಗಡಿಯಲ್ಲಿ ಮೂವತ್ತೆಂಟು ಅಂಗಿಗಳ ರಾಶಿ ಮತ್ತೆ ತೀಡಿಸಿಕೊಳ್ಳಲು ಕಾದಿತ್ತು.

ದಿನವಿಡೀ ನಿಂತು ನಿಂತು ಸಾಗಿದ್ದ ಗಾಡಿಗಳಿಗೆ ಈಗ ಅಡ್ಡ ಬರುವವರು ಯಾರೂ ಇರಲಿಲ್ಲ. ಆಫೀಸು ಬಿಡುವ ಹೊತ್ತು ಬೇರೆ. ಕಳೆದ ಸಮಯವನ್ನೆಲ್ಲ ಇಲ್ಲೇ ವಸೂಲು ಮಾಡುವವರಂತೆ ಓಡುತ್ತಿದ್ದರು. ವಾಚಣ್ಣ ಗೂಡಂಗಡಿ ಮುಚ್ಚಿ, ಅಮ್ಮನ ಖಾಲಿ ಕುರ್ಚಿಯನ್ನು ಒಂದು ಕೈಯಲ್ಲಿ ಹಿಡಿದು ಅಂಚಿಗೆ ಬಂದು ನಿಂತ. ಬೆನ್ನಿಗೆ ಯಾರ ಕೈಯೂ ಇರಲಿಲ್ಲ. ಬಸ್ಸು ಲಾರಿಗಳ ಮುಂದೆ ಹೋದ ಕಾಲು ಈಗ ಒಂದು ಸೈಕಲ್ ರಿಕ್ಷಾಕ್ಕೂ ಹೆದರಿ ಮೇಲಕ್ಕೆ ಬಂತು.

ಆಚೆ ಅಮ್ಮ ಮಾತು ಮುಗಿಸಿ ಎದ್ದು ನಿಂತಿದ್ದಳು. ಅವಳೂ ಕೋಲನ್ನು ಒಮ್ಮೆ ರಸ್ತೆಗಿಡುವುದು, ಎತ್ತಿಕೊಳ್ಳುವುದು ಮಾಡುತ್ತಿದ್ದಳು. ಅವಳ ರಾತ್ರಿಯ ಮಾತ್ರೆಗಳೆಲ್ಲ ಈಚೆ ಮನೆಯಲ್ಲಿದ್ದವು.

ವಾಚಣ್ಣ ಕುರ್ಚಿ ಕೆಳಗಿಟ್ಟು, ಬರುತ್ತಿದ್ದ ಗಾಡಿಗಳ ಕಡೆ ಕೈ ಎತ್ತಿ ಹಿಡಿದು, ಎಲ್ಲರಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದ.

"ಒಂದು ನಿಮಿಷ ನಿಲ್ಲಿಸಿ ಸಾರ್. ನಮ್ಮಮ್ಮ ಈ ಕಡೆ ಬರಬೇಕು."